ಲೈಸೆನ್ಸ್ ಬೇಡದ ಕೋವಿ, ಅನುಮತಿ ಇಲ್ಲದ ಬೇಟೆ

ಕನಕಪುರ, ಮಾಗಡಿ ಕಡೆ ಹಳೇ ಏರ್‌ಗನ್ ಕೈ ಬದಲಾಗುವಾಗ ಮಾರುವವರು ಹೇಳುವುದು ಒಂದೇ ಮಾತು: ‘ಇದಕ್ಕೆ ಲೈಸೆನ್ಸ್ ಬೇಡ, ಮೊಲ, ಕೌಜುಗ ಹೊಡೆಯೋಕೆ ಸಾಕು.’ ಇದರ ಮೊದಲರ್ಧ ಕೆಲವು ಕೋವಿಗಳ ಮಟ್ಟಿಗೆ ನಿಜ. ಉಳಿದರ್ಧ ಯಾವ ಕೋವಿಗೂ ನಿಜವಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ವಿನಾಯಿತಿ ಕೊಟ್ಟಿರುವುದು ನಳಿಗೆ 4.5 ಮಿ.ಮೀ., ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಮಾತ್ರ. ಪಾಯಿಂಟ್ 22 ನಳಿಗೆಯದಾದರೆ ಲೈಸೆನ್ಸ್ ಬೇಕೇ ಬೇಕು. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 283 ಮೀಟರ್ ವೇಗದಲ್ಲಿ ಹೊರಟರೆ 20 ಜೂಲ್ ಮುಟ್ಟಿತು. ಹಿಂದಿನ ಮಾಲೀಕ ‘ಪವರ್’ ಬರಲೆಂದು ಬಿಗಿ ಸ್ಪ್ರಿಂಗ್ ಹಾಕಿಸಿದ್ದರೆ ಮಿತಿ ದಾಟಿದ ಆಯುಧ ನಿಮ್ಮ ಮನೆಯಲ್ಲಿರುತ್ತದೆ.

ಇನ್ನು ಬೇಟೆ. ಕೋವಿಗೆ ಲೈಸೆನ್ಸ್ ಬೇಡವೆಂದರೆ ಬೇಟೆಗೂ ಅಡ್ಡಿಯಿಲ್ಲವೆಂದು ಎಷ್ಟೋ ಜನ ಪ್ರಾಮಾಣಿಕವಾಗಿ ನಂಬಿದ್ದಾರೆ. ಅವೆರಡೂ ಬೇರೆ ಬೇರೆ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಗುರಿ ತಪ್ಪಿದ ಪ್ರಯತ್ನ, ಉರುಳು, ಅಟ್ಟುವಿಕೆ, ಗಾಯಗೊಳಿಸುವುದು ಎಲ್ಲವೂ ಬೇಟೆಯೇ. ಕೌಜುಗವಾಗಲಿ, ಮೊಲವಾಗಲಿ, ನವಿಲಾಗಲಿ ಈ ರಕ್ಷಣೆಯೊಳಗಿವೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲಿನಂಥ ಮೊದಲ ಪಟ್ಟಿಯ ಜೀವಿಯಾದರೆ ಕನಿಷ್ಠ ಮೂರು ವರ್ಷ. ಜಪ್ತಿಯಾದ ಕೋವಿ ಸರ್ಕಾರದ ಪಾಲು.

‘ನಮ್ಮ ಹೊಲಕ್ಕೆ ಬಂದಿದ್ದು ನಮ್ಮದು’ ಎಂಬ ಮಾತಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ತೆನೆ ಕಟ್ಟಿದ ರಾಗಿಯನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ಮಲಗಿಸಿ ಹೋದದ್ದನ್ನು ಕಂಡವರಿಗೆ ಕಾನೂನು ಹೇಳುವುದು ಸುಲಭವಲ್ಲ. ಆದರೂ ಅಷ್ಟು ಸಣ್ಣ ಪೆಲೆಟ್ ಹಂದಿಯನ್ನು ಕೆಡವುವುದಿಲ್ಲ, ಗಾಯ ಮಾಡಿ ಪೊದೆಗೆ ಅಟ್ಟುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಬಹುದು. ಪ್ರಾಣಿ ಬೆಳೆಗೋ ಜೀವಕ್ಕೋ ಅಪಾಯವಾದಾಗ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಲಿಖಿತ ಆದೇಶ ಹೊರಡಿಸುವ ಅಧಿಕಾರ ಇಲಾಖೆಗಿದೆ, ನಮಗಿಲ್ಲ.

ಬೇಟೆ ಬೇಡವೆನ್ನಲು ರಾಮನಗರದವರಿಗೆ ಇನ್ನೊಂದು ಕಾರಣವೂ ಇದೆ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಸಾಮಾನ್ಯ ಪೆಲೆಟ್ ಸೀಸದ್ದು. ಗಾಯಗೊಂಡು ಪೊದೆಯಲ್ಲಿ ಸತ್ತ ಪ್ರಾಣಿಯನ್ನು ತಿಂದ ಹಕ್ಕಿಯ ಹೊಟ್ಟೆಗೆ ಆ ಸೀಸವೂ ಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಹದ್ದುಗಳು ಸತ್ತದ್ದರಲ್ಲಿ ಬೇಟೆಗುಂಡಿನ ಸೀಸದ ಪಾತ್ರ ದೊಡ್ಡದು. ನಮ್ಮ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳೇ ಬೆರಳೆಣಿಕೆಯಷ್ಟು.

ಹಾಗಾದರೆ ಸೆಕೆಂಡ್‌ಹ್ಯಾಂಡ್ ಏರ್ ರೈಫಲ್ ಕೊಳ್ಳುವುದೇ ಬೇಡವೇ? ಗುರಿ ಅಭ್ಯಾಸಕ್ಕಾದರೆ ಧಾರಾಳವಾಗಿ ಕೊಳ್ಳಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಬಗ್ಗಿಸಿದ ನಳಿಗೆ ಮತ್ತೆ ಕೂತಾಗ ಅಲುಗುತ್ತದೆಯೇ, ಟ್ರಿಗರ್ ತಾನಾಗಿ ಬಿಟ್ಟುಕೊಳ್ಳುತ್ತದೆಯೇ ನೋಡಿ. ಪೆಲೆಟ್ ಹಾಕದೆ ಹೊಡೆಯಬೇಡಿ, ಸೀಲ್ ಹಾಳಾಗುತ್ತದೆ. ಹಿಂದೆ ಗಟ್ಟಿ ಗೋಡೆಯಿಲ್ಲದ ಕಡೆ, ಮಕ್ಕಳಿರುವ ಕಡೆ ಎತ್ತಲೇಬೇಡಿ. ಈ ‘ಆಟದ’ ಪೆಲೆಟ್ ಕಣ್ಣು ತೆಗೆಯುತ್ತದೆ. 10 ಮೀಟರಿನಿಂದ ಐದು ಪೆಲೆಟ್ ಕಾಗದಕ್ಕೆ ಹೊಡೆದು, ತೂತುಗಳು ಒತ್ತೊತ್ತಾಗಿ ಬಿದ್ದರೆ ಬೆಲೆ ಮಾತಾಡಿ, ಮಾರುವವರ ಗುರುತಿನ ಚೀಟಿಯ ನಕಲಿನ ಜೊತೆ ರಶೀದಿಯನ್ನೂ ಬರೆಸಿಕೊಳ್ಳಿ.