ಮೈಕ್ರೋಸ್ಕೋಪಿಕ್ ಅಂದರೆ ಬರೀ ಚಿಕ್ಕದಾ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಮೂತ್ರ ಪರೀಕ್ಷೆಯ ರಿಪೋರ್ಟ್ ಹಿಡಿದು ನನ್ನ ಹತ್ತಿರ ಬಂದಳು. ಮನೆಯಲ್ಲಿ ಇಂಗ್ಲಿಷ್ ಓದುವವಳು ಅವಳೊಬ್ಬಳೇ. "ಟೀಚರೇ, ಇದರಲ್ಲಿ ಮೈಕ್ರೋಸ್ಕೋಪಿಕ್ ಎಕ್ಸಾಮಿನೇಶನ್ ಅಂತ ಉಂಟು. ಚಿಕ್ಕ ಪರೀಕ್ಷೆ, ಡಾಕ್ಟರಿಗೆ ತೋರಿಸುವುದು ಬೇಡ ಅಂತ ಅಜ್ಜಿಗೆ ಹೇಳಿದೆ. ಸರಿಯಾ?"

ಸರಿಯಲ್ಲ. ಆದರೆ ತಪ್ಪು ಅವಳೊಬ್ಬಳದ್ದಲ್ಲ. "ಮೈಕ್ರೋ ಅಂದ್ರೆ ಚಿಕ್ಕದು" ಅಂತ ಹೇಳಿ ಪಾಠ ಮುಂದುವರಿಸುವವರು ನಾವೇ.

ಗ್ರೀಕ್ ಭಾಷೆಯಲ್ಲಿ 'ಮಿಕ್ರೋಸ್' ಅಂದರೆ ಚಿಕ್ಕದು, 'ಸ್ಕೋಪೇಯ್ನ್' ಅಂದರೆ ನೋಡುವುದು. ಇವೆರಡನ್ನೂ ಸೇರಿಸಿ, ಗೆಲಿಲಿಯೋ ಮಾಡಿದ್ದ ಉಪಕರಣಕ್ಕೆ 1625ರಲ್ಲಿ ಜಿಯೊವಾನಿ ಫೇಬರ್ ಎಂಬ ವೈದ್ಯರು ಮೈಕ್ರೋಸ್ಕೋಪ್ ಅಂತ ಹೆಸರಿಟ್ಟರು. ಮೈಕ್ರೋಸ್ಕೋಪಿಕ್ ಎಂಬ ವಿಶೇಷಣ ಹುಟ್ಟಿದ್ದು ಈ ಉಪಕರಣದ ಹೆಸರಿನಿಂದ. ಹಾಗಾಗಿ ಅದಕ್ಕೆ ಎರಡು ಅರ್ಥ: ಮೈಕ್ರೋಸ್ಕೋಪ್ ಬಳಸಿ ಮಾಡಿದ್ದು, ಮೈಕ್ರೋಸ್ಕೋಪ್ ಇಲ್ಲದೆ ಕಾಣದಷ್ಟು ಚಿಕ್ಕದು. ರಿಪೋರ್ಟ್‌ನಲ್ಲಿರುವುದು ಮೊದಲನೆಯದು. ಅಲ್ಲಿ ಪರೀಕ್ಷೆ ಚಿಕ್ಕದಲ್ಲ, ನೋಡುವ ವಸ್ತು ಚಿಕ್ಕದು.

ಎಷ್ಟು ಚಿಕ್ಕದು? ನಿಮ್ಮ ಸ್ಕೇಲ್ ತೆಗೆದು ಒಂದು ಮಿಲಿಮೀಟರ್ ನೋಡಿ. ಅದರ ಹತ್ತನೇ ಒಂದು ಭಾಗ, ಅಂದರೆ ಸುಮಾರು 100 ಮೈಕ್ರೋಮೀಟರ್, ಬರಿಗಣ್ಣಿಗೆ ಕಾಣುವ ಮಿತಿ. ಕೆಂಪು ರಕ್ತಕಣದ ಅಗಲ 7–8 ಮೈಕ್ರೋಮೀಟರ್ ಮಾತ್ರ. ಹದಿಮೂರು ಕಣಗಳನ್ನು ಸಾಲಾಗಿ ಇಟ್ಟರೆ ಆ ಮಿತಿ ಮುಟ್ಟಬಹುದು! ಅನೇಕ ಬ್ಯಾಕ್ಟೀರಿಯಾಗಳು 1–2 ಮೈಕ್ರೋಮೀಟರ್. ಇವೆಲ್ಲ ಮೈಕ್ರೋಸ್ಕೋಪಿಕ್.

ಆದರೆ ಕೊರೋನಾ ವೈರಸ್? ಅದು ಸುಮಾರು 0.1 ಮೈಕ್ರೋಮೀಟರ್. ನಮ್ಮ ಲ್ಯಾಬಿನಲ್ಲಿರುವಂಥ ಬೆಳಕಿನ ಮೈಕ್ರೋಸ್ಕೋಪ್ 0.2ಕ್ಕಿಂತ ಕೆಳಗಿನದ್ದನ್ನು ಬಿಡಿಸಿ ತೋರಿಸಲಾರದು, ಎಷ್ಟೇ ಒಳ್ಳೆಯ ಮಸೂರ ಹಾಕಿದರೂ ಅಷ್ಟೇ. ವೈರಸ್ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಆದ್ದರಿಂದ ಸರಿಯಾಗಿ ಹೇಳುವುದಾದರೆ ವೈರಸ್ 'ಸಬ್‌ಮೈಕ್ರೋಸ್ಕೋಪಿಕ್'. ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಪ್ಲಸ್ ವನ್ ಪರೀಕ್ಷೆಯಲ್ಲಿ ನೀವು ಮರೆಯಬೇಡಿ.

ಇನ್ನೊಂದು ಎಚ್ಚರ. ಕನ್ನಡದಲ್ಲಿ ಸೂಕ್ಷ್ಮ ಎಂಬ ಮಾತಿಗೆ ನಾಜೂಕು ಎಂಬ ಅರ್ಥವೂ ಇದೆ. 'ಅವಳದು ಸೂಕ್ಷ್ಮ ಮನಸ್ಸು' ಎಂಬುದನ್ನು ಮೈಕ್ರೋಸ್ಕೋಪಿಕ್ ಮೈಂಡ್ ಅಂತ ಇಂಗ್ಲಿಷಿಗೆ ತಂದರೆ ಬೈದ ಹಾಗಾದೀತು!

ಆ ರಿಪೋರ್ಟ್‌ನಲ್ಲಿ 'ಪಸ್ ಸೆಲ್ಸ್' ಎದುರು 'ಪರ್ ಎಚ್.ಪಿ.ಎಫ್.' ಅಂತ ಒಂದು ಸಂಖ್ಯೆ ಇತ್ತು. ಹೆಚ್ಚು ಶಕ್ತಿಯ ಮಸೂರದಲ್ಲಿ ಒಂದು ಸಲಕ್ಕೆ ಕಾಣುವ ವೃತ್ತದೊಳಗೆ ಅಷ್ಟು ಬಿಳಿ ರಕ್ತಕಣಗಳು ಕಂಡವು ಅಂತ ಅರ್ಥ. ಇಡೀ ಬಾಟಲಿಯಲ್ಲಿ ಅಷ್ಟೇ ಇವೆ ಅಂತ ಅಲ್ಲ. ಆ ಸಂಖ್ಯೆ ಹೆಚ್ಚೋ ಕಡಿಮೆಯೋ ಹೇಳುವವರು ಡಾಕ್ಟರ್. ಹುಡುಗಿ ಅಂದು ಸಂಜೆಯೇ ಅಜ್ಜಿಯನ್ನು ಕರೆದುಕೊಂಡು ಹೋದಳು.