ಕಡ್ಡಿಯಿಲ್ಲದ ಗಾಳಿಪಟ

ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆಲ್ಲ ಗೊತ್ತು: ಕಾಗದ ಹರಿದರೆ ಅಂಟಿಸಬಹುದು, ಬಾಲಂಗೋಚಿ ಕಳಚಿದರೆ ಬೇರೆ ಕಟ್ಟಬಹುದು, ಬಿದಿರಿನ ಕಡ್ಡಿ ಮುರಿದರೆ ಮಾತ್ರ ಪಟದ ಕತೆ ಮುಗಿದಂತೆ. ನಾರ್ವೆಯ ಹಾರ್ಡಂಗರ್‌ವಿಡ್ಡ ಎಂಬ ಹಿಮದ ಬಯಲಿನಲ್ಲಿ ಚಳಿಗಾಲದ ಕೊನೆಗೆ ನೂರಾರು ಜನ ಹಾರಿಸುವ ಪಟಗಳಿಗೆ ಆ ಕಡ್ಡಿಯೇ ಇಲ್ಲ. ಹತ್ತು ಚದರ ಮೀಟರಿನ ತೆಳ್ಳನೆ ಬಟ್ಟೆ. ಮಡಚಿದರೆ ಬೆನ್ನಚೀಲದೊಳಗೆ ಹಿಡಿಸುತ್ತದೆ. ಗಾಳಿಗೆ ಒಡ್ಡಿದರೆ ವಿಮಾನದ ರೆಕ್ಕೆಯಂತೆ ಉಬ್ಬಿ ನಿಂತು, ಕಾಲಿಗೆ ಸ್ಕೀ ಕಟ್ಟಿಕೊಂಡ ಮನುಷ್ಯನನ್ನು ಎಳೆದುಕೊಂಡು ಓಡುತ್ತದೆ. ಆಟದ ಹೆಸರು ಸ್ನೋಕೈಟಿಂಗ್, ಪಟದ ಹೆಸರು ಫಾಯಿಲ್ ಕೈಟ್.

ಈ ರೆಕ್ಕೆಯ ಕಲ್ಪನೆ ಡೊಮಿನಾ ಜಾಲ್ಬರ್ಟ್ ಅವರದು. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವರು 1966ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇಂದಿನ ಪ್ಯಾರಾಗ್ಲೈಡರ್ ಕೂಡ ಅದೇ ಬಳ್ಳಿಯ ಕಾಯಿ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಸಾಲಾಗಿ ಹೊಲಿದ ಬಟ್ಟೆಯ ಗೋಡೆಗಳು. ದಿಂಬಿನ ಗವಸುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಹೊಲಿದಂತೆ. ಗವಸಿನ ಬಾಯಿ ಗಾಳಿ ಬರುವ ಕಡೆಗೆ. ಒಳನುಗ್ಗಿದ ಗಾಳಿ ಹಿಂದೆ ದಾರಿಯಿಲ್ಲದೆ ಅಲ್ಲೇ ನಿಂತು ಗೋಡೆಗಳನ್ನು ಒತ್ತುತ್ತದೆ. ಸೆಕೆಂಡಿಗೆ 8 ಮೀಟರ್ ಬೀಸುವ ಗಾಳಿಯಲ್ಲಿ ಆ ಒತ್ತಡ ಸುಮಾರು 40 ಪಾಸ್ಕಲ್, ಅಂದರೆ 4 ಮಿಲಿಮೀಟರ್ ಎತ್ತರಕ್ಕೆ ನಿಂತ ನೀರಿನ ಭಾರದಷ್ಟು. ಸೈಕಲ್ ಟ್ಯೂಬಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೂ ಸಾಕು, ಎಳೆತದ ಹೊರೆಯನ್ನು ಕೆಳಗಿನ ಹತ್ತಾರು ದಾರಗಳು ಹಂಚಿಕೊಳ್ಳುತ್ತವೆ, ಗಾಳಿ ಆಕಾರವನ್ನಷ್ಟೇ ಕಾಯಬೇಕು.

ಎಳೆತದ ಲೆಕ್ಕ ಬೇರೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಕು ಮಡಿ. ಪಟ ತಲೆಯ ಮೇಲೆ ಸುಮ್ಮನೆ ನಿಂತಾಗ ಅದಕ್ಕೆ ತಾಗುವುದು ಬೀಸುವ ಗಾಳಿ ಮಾತ್ರ. ಅಡ್ಡಕ್ಕೆ ಓಡಿಸಿದರೆ ಅದರ ಸ್ವಂತ ಓಟದ ಗಾಳಿಯೂ ಕೂಡಿಕೊಳ್ಳುತ್ತದೆ. 8 ಮೀಟರ್ ಗಾಳಿಯಲ್ಲಿ ಓಡುವ ಪಟಕ್ಕೆ 20 ಮೀಟರ್ ಗಾಳಿ ತಾಗಿತು ಎನ್ನಿ: ನಿಂತಾಗ 20 ಕಿಲೋ ಭಾರದಷ್ಟು ಎಳೆಯುತ್ತಿದ್ದದ್ದು ಕ್ಷಣದಲ್ಲಿ 120 ಕಿಲೋ ದಾಟುತ್ತದೆ. ಹಿಮದ ಮೇಲೆ ಗಾಳಿಯನ್ನು ದುಡಿಸಿಕೊಳ್ಳುವುದು ಹೊಸದೇನಲ್ಲ: 1888ರಲ್ಲಿ ಗ್ರೀನ್‌ಲ್ಯಾಂಡ್ ದಾಟಿದ ಅನ್ವೇಷಕ ನಾನ್ಸೆನ್ ತಮ್ಮ ಜಾರುಬಂಡಿಗಳಿಗೆ ಹಾಯಿ ಕಟ್ಟಿದ್ದರು. ಬಂಡಿಗೆ ಬಿಗಿದ ಹಾಯಿಗೆ ಈ ಓಟವಿಲ್ಲ. ಅದೇ ಗ್ರೀನ್‌ಲ್ಯಾಂಡಿನಲ್ಲಿ 2010ರಲ್ಲಿ ಸೆಬಾಸ್ಟಿಯನ್ ಕೋಪ್‌ಲ್ಯಾಂಡ್ ಮತ್ತು ಎರಿಕ್ ಮೆಕ್‌ನೇರ್-ಲ್ಯಾಂಡ್ರಿ ಪಟದ ಎಳೆತಕ್ಕೆ ಒಂದೇ ದಿನ, 24 ಗಂಟೆಗಳಲ್ಲಿ 595 ಕಿಲೋಮೀಟರ್ ಸಾಗಿದರು.

ಇಷ್ಟು ಎಳೆಯಬಲ್ಲದ್ದನ್ನು ಕೊಳ್ಳುವಾಗ ‘ಎಷ್ಟು ಎಳೆಯುತ್ತದೆ’ ಎನ್ನುವುದಕ್ಕಿಂತ ‘ಎಷ್ಟು ಬೇಗ ಸುಮ್ಮನಾಗುತ್ತದೆ’ ಎಂದು ಮೊದಲು ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪ್ರಶ್ನೆ ಹಿಡಿದು ನೋಡಿದರೆ ಅಂಗಡಿಯ ಪಟಗಳು ತಾವೇ ಬೇರೆಬೇರೆಯಾಗುತ್ತವೆ.

ಗವಸುಗಳ ಬಾಯಿ ಪೂರ್ತಿ ತೆರೆದಿದ್ದರೆ ಅದು ಓಪನ್ ಸೆಲ್. ಬೇಗ ಉಬ್ಬುತ್ತದೆ, ಇಳಿಸಿದರೆ ಬೇಗ ಬರಿದಾಗಿ ನೆಲಕ್ಕೆ ಒರಗುತ್ತದೆ. ಬಾಯಿಗೆ ಒಮ್ಮುಖ ಕವಾಟ ಇಟ್ಟದ್ದು ಕ್ಲೋಸ್ಡ್ ಸೆಲ್. ಒಳಗಿನ ಗಾಳಿ ಹೊರಬರದ ಕಾರಣ ನೀರಿಗೆ ಬಿದ್ದರೂ ಮತ್ತೆ ಏಳುತ್ತದೆ. ಸಮುದ್ರದಲ್ಲಿ ಅದು ಪ್ರಾಣ ಉಳಿಸುವ ಗುಣ. ಹಿಮದ ಮೇಲೆ ಅದರ ಅಗತ್ಯ ಕಡಿಮೆ. ಬಿರುಗಾಳಿಯಲ್ಲಿ ಇಳಿಸಿದಾಗ ಉಬ್ಬಿಕೊಂಡೇ ಹೊರಳಾಡುವ ಪಟವನ್ನು ಮಡಚುವುದು, ಅದೂ ಮರಗಟ್ಟಿದ ಬೆರಳುಗಳಿಂದ, ಸುಲಭದ ಕೆಲಸವಲ್ಲ. ಮೂರನೆಯದು ಒಂದೇ ಪದರದ್ದು, ಜರ್ಮನಿಯ ಫ್ಲೈಸರ್ಫರ್ ಕಂಪನಿಯ ‘ಪೀಕ್’ನಂತೆ. ಕೆಳಗಿನ ಬಟ್ಟೆಯೇ ಇಲ್ಲದ್ದರಿಂದ ಬಲು ಹಗುರ, ಸಣ್ಣ ಗಾಳಿಗೂ ಏಳುತ್ತದೆ, ಗುಡ್ಡ ಹತ್ತುವವರಿಗೆ ಒಳ್ಳೆಯ ಜೊತೆ. ವೇಗದಲ್ಲಿ, ಗಾಳಿಗೆ ಎದುರಾಗಿ ಸಾಗುವುದರಲ್ಲಿ ಎರಡು ಪದರದ ಪಟಕ್ಕೆ ಸಾಟಿಯಲ್ಲ.

ಆಮೇಲೆ ಆಕಾರ. ರೆಕ್ಕೆಯ ಉದ್ದ ಅಗಲದ ನಾಲ್ಕು ಪಟ್ಟಿನ ಆಸುಪಾಸಿನಲ್ಲಿದ್ದರೆ ಅದು ಸಮಾಧಾನಿ. ತಪ್ಪು ಮಾಡಿದರೂ ಕ್ಷಮಿಸುತ್ತದೆ. ಆರು ದಾಟಿದರೆ ಪಂದ್ಯದ ಕುದುರೆ. ಚುರುಕಾಗಿ ಓಡುತ್ತದೆ, ಆದರೆ ಗಾಳಿ ತಡವರಿಸಿದಾಗ ತುದಿಗಳು ಒಳಗೆ ಮಡಚಿಕೊಳ್ಳುತ್ತವೆ.

ಅಳತೆಯ ವಿಚಾರಕ್ಕೆ ಬಂದರೆ ಭೌತಶಾಸ್ತ್ರ ಒಂದು ಚೆಂದದ ಲೆಕ್ಕ ಒಪ್ಪಿಸುತ್ತದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು, ಚಳಿ ಹೆಚ್ಚಿದಷ್ಟೂ ದಟ್ಟ. ಹಾರ್ಡಂಗರ್‌ವಿಡ್ಡದ ಎತ್ತರ 1000 ಮೀಟರಿನ ಮೇಲೆ. ಅಲ್ಲಿ ಮೈನಸ್ 15 ಡಿಗ್ರಿ ಚಳಿಯಿದ್ದರೆ ಎತ್ತರ ಕಸಿದುಕೊಂಡದ್ದನ್ನು ಚಳಿ ಹೆಚ್ಚುಕಡಿಮೆ ಹಿಂದಿರುಗಿಸುತ್ತದೆ. 15 ಡಿಗ್ರಿಯ ಕಡಲತೀರದಷ್ಟೇ ದಟ್ಟ ಗಾಳಿ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ 2058 ಮೀಟರ್ ಎತ್ತರದ ಲೋತಾರೆ ಕಣಿವೆದಾರಿಯಲ್ಲಿ ಮೈನಸ್ 10 ಇದ್ದರೂ ಶೇಕಡಾ 15ರಷ್ಟು ಕೊರತೆ ಉಳಿದೇ ಉಳಿಯುತ್ತದೆ. ಅಲ್ಲಿಗೆ ತುಸು ದೊಡ್ಡ ಪಟ ಬೇಕು. ಆದರೆ ನೀರಿನ ಮೇಲೆ ಆಡಿ ಬಂದವರು ಅಲ್ಲಿನ ಅಳತೆಯನ್ನೇ ಹಿಮಕ್ಕೆ ತರಬಾರದು. ಹಿಮದ ಮೇಲೆ ಸ್ಕೀ ಜಾರುವಾಗ ತಡೆ ಬಲು ಕಡಿಮೆ. ಅದೇ ಗಾಳಿಗೆ ಸಣ್ಣ ಪಟವೇ ಸಾಕು.

ಹಳೆಯ ಪಟ ಕೊಳ್ಳುವವರು ಬಟ್ಟೆಯ ಬಣ್ಣ ನೋಡಿ ಮರುಳಾಗದೆ ಸೂತ್ರ ನೋಡಬೇಕು. ನಮ್ಮ ಪಟಕ್ಕೆ ಕಟ್ಟುವ ಸೂತ್ರದಲ್ಲಿ ಮೇಲಿನ ದಾರ ಒಂದು ಬೆರಳು ಹೆಚ್ಚಾದರೆ ಪಟ ಮೇಲೇಳಲು ಒಲ್ಲೆ ಎನ್ನುವುದಿಲ್ಲವೇ, ಇಲ್ಲೂ ಹಾಗೆಯೇ. ಹೊರೆ ಹೊರುವ ಮುಂದಿನ ದಾರಗಳು ಬಳಸಿದಂತೆ ಹಿಗ್ಗುತ್ತವೆ, ಹೊರೆ ಕಾಣದ ಹಿಂದಿನವು ಕುಗ್ಗುತ್ತವೆ. ಕೆಲವೇ ಸೆಂಟಿಮೀಟರ್ ವ್ಯತ್ಯಾಸಕ್ಕೆ ಪಟ ಜಡವಾಗಿ ಹಿಂದಕ್ಕೆ ಜಗ್ಗುತ್ತದೆ. ದಾರಗಳನ್ನು ಒಂದು ಮೊಳೆಗೆ ಸಿಕ್ಕಿಸಿ ಒಟ್ಟಿಗೆ ಎಳೆದು ಅಳೆಯದೆ ಹಣ ಕೊಡಬೇಡಿ.

ಹೊಸಬರಿಗೆ ನನ್ನ ಆಯ್ಕೆ ಓಝೋನ್ ಕಂಪನಿಯ ‘ಆಕ್ಸೆಸ್’ನಂಥ ತೆರೆದ ಬಾಯಿಯ, ಗಿಡ್ಡ ರೆಕ್ಕೆಯ ಪಟ, ಅದೂ ಮನಸ್ಸು ಬಯಸಿದ್ದಕ್ಕಿಂತ ಒಂದು ಅಳತೆ ಚಿಕ್ಕದು. ಕೊಂಡ ದಿನವೇ ಹಾರಿಸಲು ಹೋಗಬೇಡಿ. ದಪ್ಪ ಕೈಗವಸು ತೊಟ್ಟು, ಕಣ್ಣು ಮುಚ್ಚಿ, ಪಟವನ್ನು ಕ್ಷಣದಲ್ಲಿ ಕಳಚುವ ಸುರಕ್ಷಾ ಹಿಡಿಕೆಯನ್ನು ಹತ್ತು ಸಲ ಎಳೆದು ನೋಡಿ. ಹತ್ತೂ ಸಲ ಕೈಗೆ ಸಿಕ್ಕಿದ ಮೇಲೆ ಹಿಮಕ್ಕೆ ಇಳಿಯಿರಿ.