ದನದ ದವಾಖಾನೆಗೆ ಬಂದ ನಾಯಿ, ಬೆಕ್ಕು

ಕಲಬುರಗಿಯ ಹಳೆಯ ಓಣಿಗಳಲ್ಲಿ ಪಶು ಆಸ್ಪತ್ರೆಯನ್ನು ಜನ ಇವತ್ತಿಗೂ ದನದ ದವಾಖಾನೆ ಎಂದೇ ಕರೆಯುತ್ತಾರೆ. ಪಶುವೈದ್ಯ ವಿದ್ಯೆ ಬೆಳೆದುಬಂದದ್ದೂ ದನಕರುಗಳ ಸಲುವಾಗಿಯೇ. 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ಸ್ಥಾಪನೆಯಾದಾಗ ಅದರ ಮುಂದಿದ್ದದ್ದು ಕುದುರೆ ಮತ್ತು ದನಗಳ ಕಾಯಿಲೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಆರಂಭವಾದ ಸಂಸ್ಥೆ ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸುತ್ತಿತ್ತು. ನಾಯಿ, ಬೆಕ್ಕುಗಳು ಈ ವ್ಯವಸ್ಥೆಯೊಳಗೆ ಬಂದದ್ದು ಬಹಳ ತಡವಾಗಿ. ಸಾಕುಪ್ರಾಣಿಯನ್ನು ಎತ್ತಿಕೊಂಡು ದವಾಖಾನೆಗೆ ಹೋದವರ ಸಮಾಧಾನ, ಅಸಮಾಧಾನ ಎರಡಕ್ಕೂ ಈ ಹಿನ್ನೆಲೆಯ ನಂಟಿದೆ.

ರಾಜ್ಯದ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಕೆಳಗೆ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ, ಪಶು ಚಿಕಿತ್ಸಾಲಯ, ಪಶು ಆಸ್ಪತ್ರೆ, ಪಾಲಿಕ್ಲಿನಿಕ್ ಎಂಬ ಹಂತಗಳಿವೆ. ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂಥ ಊರಿನಲ್ಲಿ ಪಶುವೈದ್ಯರ ದಿನದ ಹೆಚ್ಚಿನ ಪಾಲು ಎಮ್ಮೆಯ ಗರ್ಭ ತಪಾಸಣೆ, ಕೃತಕ ಗರ್ಭಧಾರಣೆ, ಕಾಲುಬಾಯಿ ಜ್ವರದ ಲಸಿಕೆ, ಕುರಿಗಳ ಜಂತುಹುಳದ ಔಷಧದಲ್ಲಿ ಕಳೆಯುತ್ತದೆ. ಲಸಿಕೆ ಹಾಕುವ ದಿನಗಳಲ್ಲಿ ಅವರು ಹಳ್ಳಿಗಳಲ್ಲೇ ಇರುತ್ತಾರೆ. ನಾಯಿಮರಿ ಹಿಡಿದುಕೊಂಡು ಬಂದವರಿಗೆ ಕುರ್ಚಿ ಖಾಲಿ ಕಾಣುವುದು ಇದೇ ಕಾರಣಕ್ಕೆ. ಔಷಧದ ದಾಸ್ತಾನಿನಲ್ಲಿಯೂ ಹೈನು ಮತ್ತು ಕುರಿಗಳಿಗೆ ಮೊದಲ ಮಣೆ. ನಾಯಿಯ ಬಹುರೋಗ ಲಸಿಕೆಯನ್ನು ಹೊರಗಿನ ಔಷಧಿ ಅಂಗಡಿಯಿಂದ ತಂದುಕೊಡಬೇಕಾಗುವುದು ಸಾಮಾನ್ಯ. ಹಾಗೆ ತರುವಾಗ ಬಾಟಲಿಯನ್ನು ಮಂಜುಗಡ್ಡೆಯ ಜೊತೆ ಇಟ್ಟು ತರಬೇಕು. ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದ ಲಸಿಕೆಯನ್ನು ನಂಬುವಂತಿಲ್ಲ.

ಕಲಬುರಗಿ ನಗರದಲ್ಲಿ ಸರ್ಕಾರಿ ಆಸ್ಪತ್ರೆಯ ಜೊತೆಗೆ ಖಾಸಗಿ ಕ್ಲಿನಿಕ್‌ಗಳೂ ಇರುವುದರಿಂದ ಸಾಕಿದವರಿಗೆ ಆಯ್ಕೆ ಹೆಚ್ಚು. ಸ್ಥಳೀಯವಾಗಿ ಬಗೆಹರಿಯದ ಕಾಯಿಲೆಗೆ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ದಾರಿ ಹಿಡಿಯುವವರಿದ್ದಾರೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರಿನ ನಂದಿನಗರದಲ್ಲಿದೆ. ಕಲಬುರಗಿಯಿಂದ ಅಲ್ಲಿಗೆ ಸುಮಾರು 110 ಕಿಲೋಮೀಟರ್. ಬೇನೆಬಿದ್ದ ಪ್ರಾಣಿಗೆ ಅದು ಸಣ್ಣ ದೂರವಲ್ಲ. ಹೊರಡುವ ಮುನ್ನ ಸ್ಥಳೀಯ ವೈದ್ಯರಿಂದ ಸಲೈನ್ ಹಾಕಿಸಿ, ಕೊಟ್ಟ ಔಷಧದ ಚೀಟಿ ಬರೆಸಿಕೊಂಡರೆ ಅಲ್ಲಿನವರಿಗೂ ಅನುಕೂಲ.

ದವಾಖಾನೆಯ ಮೇಜಿನ ಮುಂದೆ ನಡೆಯುವ ಮಾತುಕತೆಯಲ್ಲೇ ಅರ್ಧ ಚಿಕಿತ್ಸೆ ಅಡಗಿದೆ. “ನಿನ್ನಿಯಿಂದ ಏನೂ ತಿಂದಿಲ್ರಿ ಸರ್” ಎಂದಷ್ಟೇ ಹೇಳಿದರೆ ವೈದ್ಯರಿಗೆ ತಿಳಿಯುವುದು ಅತ್ಯಲ್ಪ. ವಾಂತಿ ಎಷ್ಟು ಸಲ ಆಯಿತು, ಅದರ ಬಣ್ಣವೇನು, ನೀರು ಕುಡಿಯುತ್ತಿದೆಯೇ, ಮೂತ್ರ ಮಾಡಿದೆಯೇ, ಜಂತುಹುಳದ ಔಷಧ ಕೊಟ್ಟು ಎಷ್ಟು ತಿಂಗಳಾಯಿತು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಅಷ್ಟರಲ್ಲಿ ವೈದ್ಯರ ಕೈ ಕೆಲಸ ನಡೆಸಿರುತ್ತದೆ: ತುಟಿ ಸರಿಸಿ ವಸಡನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ, ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ. ಹೆಗಲ ಮೇಲಿನ ಚರ್ಮವನ್ನು ಎಳೆದು ಬಿಡುತ್ತಾರೆ. ಅದು ನಿಧಾನವಾಗಿ ಇಳಿದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದರ್ಥ. ಔಷಧದ ಪ್ರಮಾಣ ತೂಕದ ಮೇಲೆ ನಿಲ್ಲುವುದರಿಂದ ಪ್ರಾಣಿಯನ್ನು ತೂಗಲೇಬೇಕು. ದೊಡ್ಡ ತಕ್ಕಡಿ ಇಲ್ಲದ ಕಡೆ ಮನೆಯವರು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಮ್ಮ ತೂಕ ಕಳೆಯುತ್ತಾರೆ. ಬಾಯಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿದಾಗ ಮನೆಯವರ ಕರುಳು ಚುರುಕ್ ಎನ್ನುವುದು ಸಹಜ. ಆದರೆ ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚಬಲ್ಲದು. ಏದುಸಿರು ಅಥವಾ ವಾಂತಿ ಇರುವಾಗ ವೈದ್ಯರೇ ಹಾಗೆ ಬಾಯಿ ಕಟ್ಟುವುದಿಲ್ಲ.

ಮರಿ ತಂದ ಮನೆಗಳು ಮೊದಲು ಎದುರಿಸುವ ದೊಡ್ಡ ಸಂಕಟ ಪಾರ್ವೊ. 1978ರ ಸುಮಾರಿಗೆ ಜಗತ್ತಿನ ನಾನಾ ಕಡೆ ಕಾಣಿಸಿಕೊಂಡ ಈ ವೈರಾಣು ಮರಿಯ ಕರುಳಿನ ಒಳಪೊರೆಯನ್ನು ಹಾಳುಮಾಡುತ್ತದೆ. ಮೊದಲು ಮಂಕು, ಆಮೇಲೆ ವಾಂತಿ, ಬಳಿಕ ದುರ್ವಾಸನೆಯ ರಕ್ತಭೇದಿ. ಚಿಕಿತ್ಸೆ ಸಿಗದ ಮರಿಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ವೈರಾಣುವನ್ನೇ ಕೊಲ್ಲುವ ಔಷಧ ದವಾಖಾನೆಯಲ್ಲಿ ಇರುವುದಿಲ್ಲ. ಸಲೈನ್, ವಾಂತಿ ನಿಲ್ಲಿಸುವ ಸೂಜಿ, ಬ್ಯಾಕ್ಟೀರಿಯಾ ಸೋಂಕು ತಡೆಯುವ ಆ್ಯಂಟಿಬಯೋಟಿಕ್ ಕೊಟ್ಟು ಮರಿಯ ಜೀವ ಹಿಡಿದಿಡುವುದೇ ಚಿಕಿತ್ಸೆ. ದಿನಾ ಬೆಳಿಗ್ಗೆ, ಸಂಜೆ ಮರಿಯನ್ನು ಎತ್ತಿಕೊಂಡು ಬರಬೇಕು, ಖರ್ಚೂ ಏರುತ್ತದೆ. ಇಷ್ಟು ಮಾಡಿಯೂ ಮರಿ ಉಳಿಯದಿದ್ದಾಗ ವೈದ್ಯರ ಮೇಲೆ ಸಿಟ್ಟು ತಿರುಗುತ್ತದೆ. ಆ ದುಃಖ ನಿಜವಾದದ್ದು. ಆದರೆ ಇಂಥ ಸಾವುಗಳಲ್ಲಿ ಬಹುಪಾಲನ್ನು ಲಸಿಕೆ ತಪ್ಪಿಸಬಲ್ಲದು. ಆರರಿಂದ ಎಂಟು ವಾರಕ್ಕೆ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡಬರುವುದರಿಂದ ಒಂದೇ ಸೂಜಿ ಸಾಲದು; ಮೊದಲ ಸೂಜಿ ಹಾಕಿಸಿ ಸುಮ್ಮನಾದ ಮನೆಗಳಲ್ಲೇ ಪಾರ್ವೊ ಮತ್ತೆ ಮತ್ತೆ ಕಾಣುತ್ತದೆ. ಮರಿ ಸತ್ತ ಮನೆಯ ನೆಲದಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ. ಮಾಮೂಲಿ ಫಿನಾಯಿಲಿಗೆ ಅದು ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣ ಬೇಕು.

ಬೇಸಿಗೆ ಬಂತೆಂದರೆ ದವಾಖಾನೆಯ ಚಿತ್ರವೇ ಬದಲಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸತೇನಲ್ಲ. ಮನುಷ್ಯರಂತೆ ಮೈತುಂಬ ಬೆವರಲು ನಾಯಿಗೆ ಬಾರದು. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಆರೋಗ್ಯವಂತ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ರ ಹತ್ತಿರ ಬಂದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಅಪಾಯ. ತಗಡಿನ ಶೆಡ್ಡಿನಲ್ಲಿ, ಮಾಳಿಗೆಯ ಮೇಲೆ ಕಟ್ಟಿಹಾಕಿದ ನಾಯಿಗಳು ಮೊದಲು ಕುಸಿಯುತ್ತವೆ. ಈ ಭಾಗದ ಮನೆಗಳ ಶಹಾಬಾದ್ ಕಲ್ಲಿನ ನೆಲ ಒಳಗಿದ್ದಾಗ ನಾಯಿಗೆ ಒಳ್ಳೆಯ ತಂಪಿನ ಹಾಸಿಗೆ. ಅದೇ ಕಲ್ಲು ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದರೆ ಅಂಗಾಲು ಸುಡುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಾಟವೇ ಕಷ್ಟ, ಹಸ್ಕಿಯಂಥ ದಟ್ಟ ಕೂದಲಿನವು ಹಿಮದ ನಾಡಿನವು. ಕಲಬುರಗಿಯಲ್ಲಿ ಇಂಥ ತಳಿ ಕೊಳ್ಳುವ ಮುನ್ನ ಆ ಪ್ರಾಣಿಯ ಬೇಸಿಗೆಯನ್ನು ನೆನೆಯಬೇಕು. ಸಣ್ಣ ಕೂದಲಿನ, ಉದ್ದ ಮೂತಿಯ ಮುಧೋಳ ಇಲ್ಲಿನ ಹವೆಗೆ ಹೊಂದಿಕೊಂಡದ್ದು, ಆದರೂ ಅದಕ್ಕೂ ನೆರಳು, ನೀರು ಬೇಕೇ ಬೇಕು. ಬಿಸಿಲು ತಗುಲಿ ಬಿದ್ದ ನಾಯಿಗೆ ಮನೆಯಲ್ಲೇ ಮೈಮೇಲೆ ತಣ್ಣೀರು ಸುರಿದು, ಫ್ಯಾನ್ ಹಚ್ಚಿ, ಆಮೇಲೆ ಆಟೊ ಹತ್ತಿಸಬೇಕು.

ಉಣ್ಣಿಯ ಕಾಟ ಬಹುತೇಕ ವರ್ಷವಿಡೀ ಇರುತ್ತದೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡ ಉಣ್ಣಿ ಎರ್ಲಿಕಿಯೋಸಿಸ್, ಬೆಬೆಸಿಯೋಸಿಸ್ ಎಂಬ ಜ್ವರಗಳನ್ನು ಹರಡುತ್ತದೆ. ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಇವು ಅದರ ಗುರುತು. ರಕ್ತ ಪರೀಕ್ಷೆ ಬರೆದುಕೊಟ್ಟಾಗ ಸುಮ್ಮನೆ ದುಡ್ಡು ಸುಲಿಯುತ್ತಾರೆಂಬ ಅನುಮಾನ ಬರುವುದುಂಟು. ಆದರೆ ಎರಡು ಜ್ವರಗಳ ಮದ್ದು ಬೇರೆ ಬೇರೆ. ಎರ್ಲಿಕಿಯೋಸಿಸ್‌ಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸುಮಾರು 28 ದಿನ ಕೊಡಬೇಕು. ನಾಲ್ಕು ದಿನಕ್ಕೆ ನಾಯಿ ಚೇತರಿಸಿತೆಂದು ಮಾತ್ರೆ ನಿಲ್ಲಿಸಿದರೆ ಜ್ವರ ಮರುಕಳಿಸುತ್ತದೆ. ಉಣ್ಣಿ ತನ್ನ ಆಯಸ್ಸಿನ ಬಹುಭಾಗ ಕಳೆಯುವುದು ಗೋಡೆಯ ಬಿರುಕು, ಕಲ್ಲಿನ ಸಂದಿಗಳಲ್ಲಿ, ಆದ್ದರಿಂದ ನಾಯಿಯ ಜೊತೆ ಮನೆಗೂ ಔಷಧ ಸಿಂಪಡಿಸಬೇಕು.

ಬೆಕ್ಕುಗಳನ್ನು ದವಾಖಾನೆಗೆ ತರುವುದು ಕಡಿಮೆ, ತಂದಾಗ ಬಹಳ ತಡವಾಗಿರುತ್ತದೆ. ಗಂಡು ಬೆಕ್ಕು ಪದೇ ಪದೇ ಕುಳಿತು ತಿಣುಕಿದರೆ ಮಲಬದ್ಧತೆ ಎಂದು ಮನೆಯವರು ತಿಳಿಯುತ್ತಾರೆ. ಅದು ಮೂತ್ರ ಕಟ್ಟಿದ್ದಾಗಿದ್ದರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಜ್ವರವೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡುವುದಂತೂ ಬೆಕ್ಕಿಗೆ ವಿಷವೇ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಸಾಕು ಕೊಲ್ಲಲು.

ರೇಬೀಸ್ ವಿಷಯದಲ್ಲಿ ದವಾಖಾನೆ ಕಾಯುವುದು ಪ್ರಾಣಿಯ ಜೊತೆ ಇಡೀ ಓಣಿಯನ್ನು. ಲಕ್ಷಣ ಕಾಣಿಸಿದ ಮೇಲೆ ಈ ರೋಗದಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮೂರು ತಿಂಗಳು ತುಂಬಿದ ಮರಿಗೆ ಲಸಿಕೆ, ವೈದ್ಯರು ಹೇಳಿದ ಗಡುವಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಮನೆಯ ನಾಯಿಯೇ ಕಚ್ಚಿದರೂ, ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಮನುಷ್ಯರ ಆಸ್ಪತ್ರೆಗೆ ಅದೇ ದಿನ ಹೋಗಬೇಕು. ಸುಣ್ಣ, ಖಾರದಪುಡಿ ಮೆತ್ತುವ ರೂಢಿ ಗಾಯವನ್ನು ಕೆಡಿಸುತ್ತದೆ. ಮನುಷ್ಯರಿಗೆ ಬರುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಕರ್ನಾಟಕ 2022ರಲ್ಲಿ ಘೋಷಿಸಿದೆ.

ಸಾಕಿದವರ ದೂರುಗಳಲ್ಲಿ ಹುರುಳಿರುವುದು ರಾತ್ರಿಯ ಹೊತ್ತಿನದು. ಹಾವು ಕಡಿತ, ಅಪಘಾತ, ಹೆರಿಗೆಯ ತೊಂದರೆ ಕಚೇರಿ ವೇಳೆ ನೋಡಿ ಬರುವುದಿಲ್ಲ, ಸಣ್ಣ ಪ್ರಾಣಿಗೆ ಅಹೋರಾತ್ರಿ ತೆರೆದಿರುವ ವ್ಯವಸ್ಥೆ ದೊಡ್ಡ ನಗರಗಳ ಹೊರಗೆ ವಿರಳ. ಮನೆಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು; ಕಮಲಾಪುರದ ಸುತ್ತಲಿನ ಹಳ್ಳಿಗಳಿಗೆ ಇದರಿಂದ ಹೆಚ್ಚಿನ ಉಪಯೋಗ. ವೈದ್ಯರು ಸಿಗದಾಗ ಯಾರೋ ಬಲ್ಲವರ ಕೈಯಲ್ಲಿ ಸೂಜಿ ಹಾಕಿಸುವುದು ಅಪಾಯದ ದಾರಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವ ಹಕ್ಕಿರುವುದು ನೋಂದಾಯಿತ ಪಶುವೈದ್ಯರಿಗೆ. ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ. ಖರ್ಚಿನ ಅಂದಾಜನ್ನೂ ಚಿಕಿತ್ಸೆಗೆ ಮೊದಲೇ ಕೇಳಿದರೆ ಕೊನೆಯಲ್ಲಿ ಬಿಲ್ ನೋಡಿ ಜಗಳವಾಗುವುದು ತಪ್ಪುತ್ತದೆ. ಲಸಿಕೆ ಕಾರ್ಡು, ಹಳೆಯ ಚೀಟಿ, ರಕ್ತ ಪರೀಕ್ಷೆಯ ವರದಿ ಇವನ್ನು ಒಂದೇ ಕಡೆ ಇಟ್ಟಿದ್ದರೆ, ವೈದ್ಯರು ವರ್ಗವಾಗಿ ಹೋದಾಗಲೂ ಮುಂದೆ ಬಂದವರು ಹಿಂದಿನ ಚಿಕಿತ್ಸೆ ನಿಂತಲ್ಲಿಂದ ಮುಂದುವರಿಸಬಹುದು.